ದಾದಾಪೀರನ ಸೊಂಟದ ಚೂರಿ

ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ

ಫಿನ್‌ಲ್ಯಾಂಡಿಗೆ ಹೋಗಿ ಬಂದವರೆಲ್ಲ ಅಲ್ಲಿನ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕಿನ ಬಗ್ಗೆ ಬರೆಯುತ್ತಾರೆ. ನಾನು ಅದನ್ನು ನೋಡಲಿಲ್ಲ. ಇದ್ದಷ್ಟು ದಿನವೂ ಮೋಡ ಮುಸುಕಿತ್ತು. ಮೋಡ ಇರದಿದ್ದರೂ ನಾನು ತಲೆ ಎತ್ತುತ್ತಿದ್ದೆನೋ ಇಲ್ಲವೋ, ಏಕೆಂದರೆ ನನ್ನ ಕಣ್ಣೆಲ್ಲ ಒಬ್ಬ ಮನುಷ್ಯನ ಸೊಂಟದ ಮೇಲಿತ್ತು. ಹೊಟ್ಟೆಕಿಚ್ಚು ಹೊತ್ತುಕೊಂಡು ಪರದೇಶಕ್ಕೆ ಹೋದವನಿಗೆ ಏನು ಕಾಣುತ್ತದೋ ಅದನ್ನಷ್ಟೇ ನಾನು ಬರೆಯಬಲ್ಲೆ.

ಆ ಮನುಷ್ಯ ನನ್ನ ಗೆಳೆಯ ದಾದಾಪೀರ. ಇಬ್ಬರೂ ಮುಂಡರಗಿಯವರು, ಒಂದೇ ಬೆಂಚಿನ ಮೇಲೆ ಕೂತು ಓದಿದವರು. ರವಿವಾರ ಬಂತೆಂದರೆ ಕಪ್ಪತಗುಡ್ಡದ ಕಡೆ ಹೋಗಿ, ಯಾರದೋ ಹೊಲದ ಹಸಿ ಶೇಂಗಾ ಕಿತ್ತು, ಸುಟ್ಟು ತಿಂದು ಬಾಯಿ ಕಪ್ಪು ಮಾಡಿಕೊಂಡು ಮನೆಗೆ ಬರುತ್ತಿದ್ದೆವು. ದೊಡ್ಡವರಾದ ಮೇಲೆ ನಾನು ಬೆಟಗೇರಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟೆ. ಅವನು ವೆಲ್ಡಿಂಗ್ ಕಲಿತು ಮಸ್ಕತ್‌ಗೆ ಹೋದ. ಅಲ್ಲಿಂದ ಫಿನ್‌ಲ್ಯಾಂಡಿನ ಹಡಗು ಕಟ್ಟುವ ಕೆಲಸಕ್ಕೆ ಸೇರಿ, ಕೊನೆಗೆ ಆ ದೇಶದ ಉತ್ತರದ ತುದಿಯಲ್ಲಿ ಯಂತ್ರ ರಿಪೇರಿಯ ಕಾರ್ಖಾನೆಯೊಂದರಲ್ಲಿ ನೆಲೆ ನಿಂತ. ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದ. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು.

ಆಮೇಲೆ ಫೋನಿನಲ್ಲಿ ಯೂಸ್ಸಿ ಎಂಬ ಹೆಸರು ಬರತೊಡಗಿತು. ಯೂಸ್ಸಿ ಅವನ ಕಾರ್ಖಾನೆಯವನು. ಯೂಸ್ಸಿಯ ಜೊತೆ ಕಾಡಿಗೆ ಹೋಗಿದ್ದೆ, ಯೂಸ್ಸಿ ಬೆಂಕಿ ಹೊತ್ತಿಸುವುದನ್ನು ಕಲಿಸಿದ, ಯೂಸ್ಸಿ ಹೀಗಂದ, ಯೂಸ್ಸಿ ಹಾಗಂದ. ಹುಡುಗರಾಗಿದ್ದಾಗ ಗುಡ್ಡದಲ್ಲಿ ಬೆಂಕಿ ಹೊತ್ತಿಸಲು ಇವನಿಗೆ ಕಲಿಸಿದವನು ನಾನು. ಅದನ್ನು ಯೂಸ್ಸಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ಎಂದು ಫೋನಿಟ್ಟ ಮೇಲೆ ಬಹಳ ಹೊತ್ತು ಯೋಚಿಸುತ್ತಿದ್ದೆ.

"ಬಾರಲೇ ಶರಣ್ಯಾ," ಎಂದು ಒಂದು ದಿನ ಕರೆದ. "ಸೆಪ್ಟೆಂಬರದಾಗ ಗಿಡಾ ಎಲ್ಲಾ ಹಳದಿ ಆಗಿರತಾವ. ಕಾಡಿನ್ಯಾಗ ನಾಕ ದಿನಾ ಇರೂಣು. ಒಂದು ಛಲೋ ದೊಡ್ಡ ಚೂರಿ ಹಿಡಕೊಂಡ ಬಾ."

ಚೂರಿ ಎಂದದ್ದೇ ನನ್ನ ತಲೆಗೆ ಒಂದು ಯೋಚನೆ ಹೊಕ್ಕಿತು. ನನಗಲ್ಲ, ಅವನಿಗೇ ಒಂದು ಚೂರಿ ಮಾಡಿಸಿಕೊಂಡು ಹೋಗಬೇಕು. ಆ ಕಾಡಿನಲ್ಲಿ ಅವನ ಸೊಂಟದಲ್ಲಿ ನಮ್ಮೂರ ಕಡೆಯ ಚೂರಿ ಇರಬೇಕು. ಅದನ್ನು ಯೂಸ್ಸಿ ದಿನಾ ನೋಡಬೇಕು.

ನನ್ನ ಹೆಂಡತಿ ಗಿರಿಜಾ ನಕ್ಕಳು. "ಗೆಳೆಯಗ ಯಾರರ ಚೂರಿ ಕೊಡತಾರೇನ್ರಿ? ಒಂದು ಅಂಗಿ ಅರಬಿ ಒಯ್ರಿ."

"ಅಂಗಿ ಆ ಯೂಸ್ಸೀನೂ ಕೊಡತಾನ," ಎಂದೆ. ಅವಳಿಗೆ ಅರ್ಥವಾಯಿತು.

ಕುಡಗೋಲು, ಕುರ್ಪಿ, ಕೊಡಲಿ ಮಾರುವವನಿಗೆ ಚೂರಿ ಆರಿಸುವುದು ಯಾವ ದೊಡ್ಡ ಮಾತು ಎಂದುಕೊಂಡಿದ್ದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ನೋಡಿ ನೋಡಿ ಒಂದಿಷ್ಟು ತಿಳಿದುಕೊಂಡೆ. ಕಾಡಿಗೆ ಒಯ್ಯುವ ದೊಡ್ಡ ಚೂರಿ ಮಡಚುವಂಥದ್ದು ಇರಬಾರದು, ಮಡಚುವ ಕೀಲೇ ಮೊದಲು ಮುರಿಯುವ ಜಾಗ. ಅಲಗಿನ ಉಕ್ಕು ಹಿಡಿಕೆಯೊಳಗೆ ಕೊನೆಯವರೆಗೂ ಹೋಗಿರಬೇಕು. ಹೊಳೆಯುವ ಸ್ಟೀಲಿಗಿಂತ ತುಕ್ಕು ಹಿಡಿಯುವ ಹಳೆಯ ಉಕ್ಕೇ ವಾಸಿ, ಕಲ್ಲಿನ ಮೇಲೆ ಉಜ್ಜಿದರೆ ಅಲಗು ಬೇಗ ಹರಿತವಾಗುತ್ತದೆ. ಇಷ್ಟು ಸರಿಯಾಗಿಯೇ ಕಲಿತೆ. ದಪ್ಪ ಎಷ್ಟಿರಬೇಕೆಂಬುದನ್ನು ಮಾತ್ರ ಯಾರನ್ನೂ ಕೇಳಲಿಲ್ಲ, ದಪ್ಪ ಇದ್ದಷ್ಟೂ ಗಟ್ಟಿ ಎಂದು ನಾನೇ ತೀರ್ಮಾನಿಸಿದೆ.

ಲಕ್ಷ್ಮೇಶ್ವರದ ಕಂಬಾರ ಮೌನೇಶಪ್ಪ ಹಳೆಯ ಲಾರಿಯ ಸ್ಪ್ರಿಂಗ್ ಪಾಟಾ ಕಾಯಿಸಿ ಬಡಿದು ಕೊಟ್ಟ. ಎರಡು ಸಲ "ಇನ್ನೊಂದೀಟು ತೆಳ್ಳಗ ಮಾಡ್ಲ್ಯಾ?" ಎಂದು ಕೇಳಿದ. ಎರಡು ಸಲವೂ ಬೇಡವೆಂದೆ. ಹಿಡಿಕೆಗೆ ಜಾಲಿಯ ಕಟ್ಟಿಗೆ ಹಾಕಿಸಿದೆ. ಶಿರಹಟ್ಟಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರಿಂದ ತೊಗಲಿನ ಒರೆ ಹೊಲಿಸಿದೆ. ಚೂರಿಯನ್ನು ಒರೆಗೆ ಸೇರಿಸಿ ನನ್ನ ಸೊಂಟಕ್ಕೆ ಕಟ್ಟಿ ಕನ್ನಡಿಯ ಮುಂದೆ ನಿಂತಾಗ ಪ್ಯಾಂಟು ಒಂದು ಕಡೆ ಜಗ್ಗಿತು. ಮೂಗಿಗಿಂತ ಮೂಗುತಿ ಭಾರ ಎಂದು ಗಿರಿಜಾ ಅಂದದ್ದು ಕೇಳಿಸಿಯೂ ಕೇಳಿಸದಂತೆ ಇದ್ದೆ.

ಇವಾಲೊ

ಇವಾಲೊದ ವಿಮಾನ ನಿಲ್ದಾಣ ನಮ್ಮ ಗದಗದ ಬಸ್‌ಸ್ಟ್ಯಾಂಡಿನ ಒಂದು ಮೂಲೆಯಷ್ಟಿದೆ. ಹೊರಗೆ ಬಂದರೆ ದಾದಾಪೀರ ನಿಂತಿದ್ದ. ಎಷ್ಟೋ ವರ್ಷಗಳ ಮೇಲೆ ಕಂಡವನನ್ನು ಅಪ್ಪಿಕೊಳ್ಳಲು ನಾನು ಕೈ ಚಾಚಿದ್ದೇ, ಅವನ ಹಿಂದೆ ದೀಪದ ಕಂಬದಂತೆ ಉದ್ದನೆಯ ಮನುಷ್ಯನೊಬ್ಬ ಕಂಡ. ಬಿಳಿ ಹುಬ್ಬು, ಕೆಂಪು ಮೂಗು. ಕರೆದುಕೊಂಡು ಬರಲು ಕಾರು ಕೊಟ್ಟವನು, ನಡೆಸುವವನು, ನನ್ನ ಚೀಲ ಎತ್ತಿಕೊಂಡವನು ಎಲ್ಲವೂ ಅವನೇ. ಯೂಸ್ಸಿ.

"ಆರಾಮ ಏನ್ರಿ?" ಎಂದ ಯೂಸ್ಸಿ.

ದಾದಾಪೀರ ಚಪ್ಪಾಳೆ ತಟ್ಟಿ ನಕ್ಕ. ನನಗೆ ಮೈಯೆಲ್ಲ ಉರಿದು ಹೋಯಿತು. ನಮ್ಮ ಮಾತನ್ನೂ ಇವನಿಗೆ ಹಂಚಿದ್ದಾನಲ್ಲ ಎನಿಸಿತು.

ದಾರಿಯಲ್ಲಿ ಹಿಮಸಾರಂಗಗಳು ರಸ್ತೆಯ ನಟ್ಟನಡುವೆ ನಿಂತಿದ್ದವು. ಮುಂಡರಗಿ ರಸ್ತೆಯ ಎಮ್ಮೆಗಳ ಹಾಗೆಯೇ ಅವಕ್ಕೂ ಕಾರಿನ ಬಗ್ಗೆ ಕಿಂಚಿತ್ತೂ ಮರ್ಯಾದೆ ಇಲ್ಲ. ಆದರೆ ಯೂಸ್ಸಿ ಹಾರ್ನ್ ಹೊಡೆಯಲಿಲ್ಲ, ಬೈಯಲಿಲ್ಲ. ಅವು ಮನಸ್ಸು ಮಾಡುವವರೆಗೂ ಸುಮ್ಮನೆ ಕೂತ. ಇಡೀ ದಾರಿ ಸುಮ್ಮನೆಯೇ ಇದ್ದ. ಗದಗದಲ್ಲಿ ಬಸ್ಸು ಹತ್ತಿದರೆ ಡಂಬಳ ಬರುವಷ್ಟರಲ್ಲಿ ಪಕ್ಕದವನ ಮಗಳ ಮದುವೆ, ಬೀಗರ ಗುಣ, ಮೊಣಕಾಲ ನೋವು ಎಲ್ಲ ನಮಗೆ ಗೊತ್ತಾಗಿರುತ್ತದೆ. ಈ ಜನ ಪಕ್ಕದಲ್ಲಿ ಕೂತೂ ದೂರ ಇರುತ್ತಾರೆ. ಇಂಥವನ ಜೊತೆ ನಮ್ಮ ದಾದಾಪೀರ, ನಿದ್ದೆಯಲ್ಲೂ ಮಾತಾಡುವ ದಾದಾಪೀರ, ಹೇಗೆ ಹೊಂದಿಕೊಂಡ?

ದಾದಾಪೀರನ ಮನೆ ಮುಟ್ಟಿದೆವು. ಅವನ ಹೆಂಡತಿ ಮಕ್ಕಳು ರಜೆಗೆಂದು ಊರಿಗೆ ಬಂದಿದ್ದರು. ಅಲ್ಲಿಯೂ ಬೂಟು ಬಾಗಿಲ ಬಳಿಯೇ ಬಿಡುತ್ತಾರೆ, ಅದೊಂದು ನನಗೆ ಹಿಡಿಸಿತು. ನಾನು ಒಯ್ದಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಬಿಚ್ಚಿದೆ. ಯೂಸ್ಸಿ ಹಿಂಡಿಯನ್ನು ಚಮಚದಲ್ಲಿ ಬರಿದೇ ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಹಾಕಿಕೊಂಡ. ಮುಂದೆ ಚೂರಿ ತೆಗೆದು ಕೊಡಬೇಕೆಂದು ನಾನು ಚೀಲದ ಬಾಯಿಗೆ ಕೈ ಹಾಕಿದ್ದೆ.

"ಇದನ್ನ ನೋಡಲೇ," ಎಂದು ದಾದಾಪೀರ ಗೋಡೆಯ ಗೂಟದಿಂದ ಬೆಲ್ಟೊಂದನ್ನು ಇಳಿಸಿದ. ಅದರಲ್ಲಿ ದೊಡ್ಡ ಚೂರಿಯೊಂದು ತೂಗುತ್ತಿತ್ತು. ಮೊಳಕ್ಕಿಂತ ತುಸು ಕಡಿಮೆ ಉದ್ದ, ಅಗಲವಾದ ತೆಳು ಅಲಗು, ಬೆಣ್ಣೆಯ ಬಣ್ಣದ ಬರ್ಚ್ ಮರದ ಹಿಡಿಕೆ. "ಇದಕ್ಕ ಲೆಯುಕು ಅಂತಾರ. ಯೂಸ್ಸಿ ಕೊಟ್ಟಾನ. ಹೊಸದು ಮಾಡಿಸಿ ಕೊಟ್ಟಾನ ನನಗಂತ."

ನಾನು ಚೀಲದಿಂದ ಕೈ ತೆಗೆದೆ. ಚೆನ್ನಾಗಿದೆ ಎಂದೆ. ಆ ಚೂರಿ ನಿಜಕ್ಕೂ ಚೆನ್ನಾಗಿತ್ತು, ಅದು ಇನ್ನೂ ಸಂಕಟ.

ಇನಾರಿ ಸರೋವರದ ದಂಡೆ

ಮರುದಿನ ಮೂವರೂ ಕಾಡಿಗೆ ನಡೆದೆವು. ನೆಲವೆಲ್ಲ ಕುಂಕುಮ ಅರಿಶಿನ ಚೆಲ್ಲಿದ ಹಾಗಿತ್ತು. ಸರೋವರದ ದಂಡೆಯಲ್ಲಿ ಮೂರು ಕಡೆ ಮುಚ್ಚಿದ, ಮುಂದೆ ತೆರೆದ ಮರದ ಚಪ್ಪರವೊಂದಿದೆ. ಅದರ ಮುಂದೆ ಬೆಂಕಿಗೆ ಕಲ್ಲಿನ ಒಲೆ. ಪಕ್ಕದ ಕೊಟ್ಟಿಗೆಯಲ್ಲಿ ಯಾರು ಬೇಕಾದರೂ ಬಳಸಲೆಂದು ಕಟ್ಟಿಗೆ ಒಟ್ಟಿರುತ್ತಾರೆ. ಕಾವಲಿಗೆ ಒಂದು ನರಪಿಳ್ಳೆಯೂ ಇಲ್ಲ. ನಮ್ಮಲ್ಲಿ ಹೀಗೆ ಇಟ್ಟರೆ ಮರುದಿನ ಕೊಟ್ಟಿಗೆಯ ಕಂಬವೂ ಉಳಿಯುವುದಿಲ್ಲ.

ನನ್ನ ಸೊಂಟದಲ್ಲಿ ಆ ಲಕ್ಷ್ಮೇಶ್ವರದ ಚೂರಿ ಇತ್ತು. "ಇದು ನಂದು," ಎಂದು ದಾದಾಪೀರನಿಗೆ ಹೇಳಿದ್ದೆ.

ಯೂಸ್ಸಿ ಒಂದು ಒಣಗಿದ ಕಟ್ಟಿಗೆ ತೆಗೆದುಕೊಂಡು ತನ್ನ ಹಳೆಯ ಚೂರಿಯಿಂದ ಸೀಳಿದ. ಅದರ ಹಿಡಿಕೆ ಬೆವರು ಕುಡಿದು ಕಪ್ಪಾಗಿತ್ತು. ಆಮೇಲೆ ಸೀಳಿದ ತುಂಡಿನ ಅಂಚನ್ನು ತೆಳ್ಳಗೆ ಹೆರೆಯುತ್ತ ಹೋದ. ಹೆರೆದದ್ದು ಉದುರಲಿಲ್ಲ, ಸುರುಳಿ ಸುರುಳಿಯಾಗಿ ಬುಡಕ್ಕೆ ಅಂಟಿಕೊಂಡೇ ಉಳಿದು ಕಟ್ಟಿಗೆಗೆ ಗುಂಗುರು ಕೂದಲು ಬಂದಂತಾಯಿತು. ಅದಕ್ಕೆ ಒಂದೇ ಕಡ್ಡಿ ಗೀರಿದ, ಬೆಂಕಿ ಹತ್ತಿತು. ನಮ್ಮಲ್ಲಿ ಹತ್ತಿಕಟ್ಟಿಗೆ, ಜೋಳದ ಒಣಗಿದ ಎಲೆಯ ರವದಿ ಇರುವಾಗ ಈ ಕಸರತ್ತು ಯಾರಿಗೆ ಬೇಕು? ಆದರೆ ಅಲ್ಲಿ ಎಲ್ಲ ತೇವ. ಮರದ ಒಳಗಷ್ಟೇ ಒಣಗಿರುತ್ತದೆ, ಆ ಒಳಗನ್ನು ಹೊರಗೆ ತರಲಿಕ್ಕೇ ಚೂರಿ ಬೇಕು. ದಾದಾಪೀರನೂ ತನ್ನ ಲೆಯುಕುದಿಂದ ಅಂಥದ್ದೇ ಒಂದನ್ನು ಮಾಡಿದ. ಇಬ್ಬರೂ ಎದುರುಬದುರು ಕೂತು ಹೆರೆಯುತ್ತಿದ್ದರು, ಮಾತಿಲ್ಲ, ಕತೆಯಿಲ್ಲ.

ನಾನೂ ಕೂತೆ. ನನ್ನ ಚೂರಿ ಹೆರೆಯಲಿಲ್ಲ, ಜಾರಿತು, ಇಲ್ಲವೇ ಹೋಳು ಹೋಳಾಗಿ ಕಿತ್ತಿತು. ಕಟ್ಟಿಗೆ ಸರಿಯಿಲ್ಲ ಎಂದು ಬೇರೆ ತೆಗೆದುಕೊಂಡೆ. ಕುಣಿಯಲಾರದವಳಿಗೆ ಅಂಗಳ ಡೊಂಕು. ಕೊನೆಗೆ ಸೀಳಿಯಾದರೂ ತೋರಿಸೋಣವೆಂದು ದಪ್ಪನೆಯ ಬರ್ಚ್ ತುಂಡಿನ ಮೇಲೆ ಅಲಗನ್ನಿಟ್ಟು, ಇನ್ನೊಂದು ಕಟ್ಟಿಗೆಯಿಂದ ಬೆನ್ನಿಗೆ ಬಡಿದೆ. ಅರ್ಧ ಇಳಿದು ಗಂಟಿನಲ್ಲಿ ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ, ಬಡಿದರೆ ಇಳಿಯಲಿಲ್ಲ. ಕಾಲಿನಿಂದ ಒತ್ತಿ ಜಗ್ಗುವಾಗ ಚೂರಿ ಅಲ್ಲೇ ಉಳಿದು ನಾನು ಹಿಂದಕ್ಕೆ ಬಿದ್ದೆ.

ಯೂಸ್ಸಿ ಎದ್ದು ಬಂದು, ತುಂಡನ್ನು ತಲೆಕೆಳಗು ಮಾಡಿ ಕಲ್ಲಿಗೆ ಒಮ್ಮೆ ಕುಕ್ಕಿದ. ಚೂರಿ ಬಿಡಿಸಿಕೊಂಡಿತು. ಅದನ್ನು ತಿರುಗಿಸಿ ನೋಡಿ ತನ್ನ ಭಾಷೆಯಲ್ಲಿ ಏನೋ ಅಂದ. ದಾದಾಪೀರ ನಗು ತಡೆದುಕೊಳ್ಳುತ್ತ ಮುಂಡರಗಿಯ ಮಾತಿಗೆ ತಿರುಗಿಸಿದ: "ಕಬ್ಬಿಣ ಭಾಳ ಛಲೋ ಐತಂತ. ಇನ್ನೊಂದೀಟು ಬಿಟ್ಟಿದ್ರ ಕೊಡ್ಲಿ ಆಗತಿತ್ತಂತ."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಆ ಜನ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ ಎಂದು ಈಗ ಗೊತ್ತು. ಆಗ ಮಾತ್ರ, ನಗುತ್ತಿದ್ದ ದಾದಾಪೀರನನ್ನು ಸರೋವರಕ್ಕೆ ನೂಕಬೇಕೆನಿಸಿತ್ತು.

ಅದೇ ದಂಡೆ, ಮರುದಿನ

ಮರುದಿನ ಮಧ್ಯಾಹ್ನ ಯೂಸ್ಸಿ ಕರಿಹಿಡಿದ ಕೆಟಲಿಯಲ್ಲಿ ಕಾಫಿ ಕುದಿಸಿದ. ನಾವು ಚಹಾಕ್ಕೆ ಸಾಯುವ ಹಾಗೆ ಅವರು ಕಾಫಿಗೆ ಸಾಯುತ್ತಾರೆ. ಮರದ ಬಟ್ಟಲಿನಲ್ಲಿ ನನಗೆ ಮೊದಲು ಕೊಟ್ಟ. ನಾನು ಮತ್ತೆ ಒಂದು ಕಟ್ಟಿಗೆಯನ್ನು ಹಿಡಿದು ಹಾಳು ಮಾಡುತ್ತಿದ್ದೆ. ನೋಡುತ್ತ ಕೂತಿದ್ದ ಯೂಸ್ಸಿ ಎದ್ದು ನನ್ನ ಮುಂದೆ ಬಂದ. ಒರೆಯಿಂದ ತನ್ನ ಹಳೆಯ ಚೂರಿಯನ್ನು ತೆಗೆದು, ಅಲಗನ್ನು ತಾನು ಹಿಡಿದು, ಹಿಡಿಕೆಯನ್ನು ನನ್ನ ಕಡೆ ಚಾಚಿದ.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಪಕ್ಕದ ದಿಮ್ಮಿಯನ್ನು ತೋರಿಸಿದೆ.

ನಮ್ಮಲ್ಲಿ ಚೂರಿ, ಕತ್ತರಿ, ಕುಡಗೋಲು ಇಂಥವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಬರುತ್ತದೆ ಎಂದು ನಂಬಿಕೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನನ್ನ ಅಂಗಡಿಯಲ್ಲಿ ದಿನವಿಡೀ ನಡೆಯುವುದೂ ಹಾಗೆಯೇ. ನಾನು ಯೋಚಿಸಿ ಮಾಡಿದ್ದಲ್ಲ, ಕೈ ತಾನೇ ಮಾಡಿತು.

ಯೂಸ್ಸಿ ದಿಮ್ಮಿಯನ್ನು ನೋಡಿದ, ನನ್ನನ್ನು ನೋಡಿದ. ಚಾಚಿದ ಚೂರಿಯನ್ನು ಹಿಂದಕ್ಕೆ ಎಳೆದುಕೊಂಡ. ಆಮೇಲೆ ಅದನ್ನು ಒರೆಗೆ ಸೇರಿಸಿ, ಖಾಲಿ ಕೆಟಲಿ ಎತ್ತಿಕೊಂಡು ನೀರಿನ ಕಡೆ ಹೋದ.

"ಏನ್ ಮಾಡಿದಿಲೇ ನೀ?" ಎಂದು ದಾದಾಪೀರ ನನ್ನ ಮೇಲೆ ಬಂದ. "ಅಂವ ತನ್ನ ಚೂರಿ ಯಾರ ಕೈಯಾಗೂ ಕೊಡಾಂವಲ್ಲ. ಅವರಪ್ಪಂದದು. ನನಗೂ ಒಂದ ದಿನಾ ಕೊಟ್ಟಿಲ್ಲ. ನಿನಗ ಕೊಡಾಕ ಬಂದ್ರ ನೀ ಆಚಿ ಇಡು ಅಂತೀಯಲ್ಲ!"

"ಕೈಯಾಗ ತಗೊಂಡ್ರ ಜಗಳಾ ಆಗತೈತಿ ಅಂತ ಗೊತ್ತಿಲ್ಲೇನ್ ನಿನಗ? ಮರತಿ?"

"ಅವನ ಜೋಡಿ ಜಗಳಾ ಆಗಬಾರದು ಅಂತ ನಿನಗೆಷ್ಟ ಕಾಳಜಿ! ಬಂದಾಗಿಂದ ಅವನ ಮಾರಿ ನೋಡಿ ಹಲ್ಲ ಕಡಿಯಾಕತ್ತೀದಿ. ನನಗ ಕಾಣೂದಿಲ್ಲೇನು?"

ಅವನು ಹೇಳಿದ್ದು ನಿಜ. ಸಾವಿರಾರು ಮೈಲಿ ದೂರದಿಂದ ಜಗಳಕ್ಕೆಂದೇ ಬಂದವನ ಹಾಗೆ ಬಂದು, ಜಗಳ ಬಾರದಿರಲೆಂದು ಶಾಸ್ತ್ರ ಪಾಲಿಸುತ್ತಿದ್ದೆ. ಆದರೆ ಸಿಕ್ಕಿಬಿದ್ದವನು ಸುಮ್ಮನಿರುತ್ತಾನೆಯೇ? ಒಳಗಿದ್ದದ್ದೆಲ್ಲ ಬಾಯಿಗೆ ಬಂತು.

"ಹೂಂ, ಹೊಟ್ಟಿಕಿಚ್ಚ ಐತಿ ನನಗ! ಯಾಕ ಇರಬಾರದು? ನಿಮ್ಮವ್ವ ತೀರಿಕೊಂಡಾಗ ಮುಂಡರಗಿಗೆ ಓಡಿದಾಂವ ನಾನು. ಹೆಗಲ ಕೊಟ್ಟಾಂವ ನಾನು. ನಿನ್ನ ಹೆಸರಲೆ ಮಣ್ಣ ಹಾಕಿದಾಂವ ನಾನು. ಆವಾಗ ಎಲ್ಲಿದ್ದ ನಿಮ್ಮ ಯೂಸ್ಸಿ?"

ದಾದಾಪೀರ ನನ್ನ ಪಕ್ಕದಲ್ಲಿ ಕೂತ.

"ನನ್ನ ಕಡೆ ಇದ್ದ. ವಿಮಾನ ಸಿಗಲಿಲ್ಲ, ಅವ್ವನ ಮಾರಿ ನೋಡಾಕ ಆಗಲಿಲ್ಲ. ಮನ್ಯಾಗ ಕುಂದ್ರಾಕೂ ಆಗವಲ್ದಾಗಿತ್ತು. ಇಂವ ಬಂದು ಗಾಡ್ಯಾಗ ಕುಂದ್ರಿಸಿಕೊಂಡು ಇಲ್ಲಿಗೇ ಕರಕೊಂಡ ಬಂದ. ಒಂದ ಮಾತ ಆಡಲಿಲ್ಲ. ಕಟಗಿ ಹೆರದ, ಬೆಂಕಿ ಆರಗೊಡಲಿಲ್ಲ, ನಾ ಅತ್ತೆ. ಅಲ್ಲಿ ನೀ ನಮ್ಮವ್ವನ್ನ ಹೊತ್ತಿ ಶರಣ್ಯಾ. ಇಲ್ಲಿ ಇಂವ ನನ್ನ ಹೊತ್ತಾನ. ಇದ್ರಾಗ ಯಾರ್ನ ಹೆಚ್ಚು ಅನ್ನಲಿ ಹೇಳು?"

ನನ್ನ ಕಣ್ಣು ತುಂಬಿತು. ಆದರೂ ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿಯೂ ಒಳಗಿನ ಕಿಚ್ಚು ಪೂರ್ತಿ ಆರಲಿಲ್ಲ. ಅವನು ಅಳುವಾಗ ಪಕ್ಕದಲ್ಲಿ ಕೂತಿದ್ದವನು ನಾನಾಗಿರಬೇಕಿತ್ತು ಎಂಬುದೇ ಮತ್ತೊಂದು ಹೊಸ ಉರಿಯಾಯಿತು.

ಯೂಸ್ಸಿ ನೀರು ತುಂಬಿಕೊಂಡು ಬಂದ. ನಾನು ಎದ್ದು ಅವನ ಮುಂದೆ ಹೋಗಿ ಅಂಗೈ ಚಾಚಿದೆ. ಅವನು ದಾದಾಪೀರನ ಕಡೆ ನೋಡಲಿಲ್ಲ, ಏಕೆ ಎಂದು ಕೇಳಲಿಲ್ಲ. ಚೂರಿಯನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟ. ಬಿಸಿ ರೊಟ್ಟಿ ಹಿಡಿದಂತೆ ಹಿಡಿದುಕೊಂಡೆ. ನನ್ನ ಚೂರಿಯ ಮುಂದೆ ಅದು ಬಲು ಹಗುರ. ಅವನು ನನ್ನ ಮಣಿಕಟ್ಟು ಹಿಡಿದು ಅಲಗನ್ನು ಎಷ್ಟು ಓರೆಯಾಗಿ ಇಡಬೇಕೆಂದು ತೋರಿಸಿದ, ಸನ್ನೆಯಲ್ಲೇ ಹೇಳಿದ: ಕೈ ನಡೆಸಬೇಡ, ಮೈ ನಡೆಸು. ಸಂಜೆಯ ಹೊತ್ತಿಗೆ ನನ್ನ ಕಟ್ಟಿಗೆಗೂ ಗುಂಗುರು ಕೂದಲು ಬಂತು. ಯೂಸ್ಸಿ ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕ. ಒಲೆಯ ಆಚೆ ಒಬ್ಬನೇ ಕೂತಿದ್ದ ದಾದಾಪೀರ "ನನಗ ಹಸಿವಿ ಆಗೇತಿ, ನಿಮ್ಮದು ಮುಗೀತೋ ಇಲ್ಲೋ?" ಎಂದು ಎರಡು ಸಲ ಕೂಗಿದ.

ಮತ್ತೆ ಇವಾಲೊ

ಹೊರಡುವ ದಿನ ಮನೆಯ ಅಂಗಳದಲ್ಲಿ ಯೂಸ್ಸಿ ನನ್ನ ಕೈಗೆ ಒಂದು ಚೂರಿ ಕೊಟ್ಟ. ಅಪ್ಪನದಲ್ಲ, ಅಷ್ಟು ಆಸೆ ನನಗೂ ಇರಲಿಲ್ಲ. ಅವನ ಬೆಲ್ಟಿನಲ್ಲಿ ಅದರ ಪಕ್ಕದಲ್ಲೇ ಇರುತ್ತಿದ್ದ ಗೇಣುದ್ದದ ಸಣ್ಣ ಚೂರಿ. ಈ ಸಲ ನಾನು ಕೈಯಲ್ಲೇ ತೆಗೆದುಕೊಂಡೆ.

ತೆಗೆದುಕೊಂಡದ್ದೇನೋ ಆಯಿತು, ಕೊಡಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ. ಪಕ್ಕದ ಮನೆಯವರು ಹುಗ್ಗಿ ಕೊಟ್ಟ ಡಬ್ಬಿಯನ್ನು ಖಾಲಿ ತಿರುಗಿಸುವ ಪದ್ಧತಿ ನಮ್ಮಲ್ಲಿ ಇಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಕೈ ಸೊಂಟಕ್ಕೆ ಹೋಯಿತು. ಲಕ್ಷ್ಮೇಶ್ವರದ ಚೂರಿಯನ್ನು ಒರೆಯ ಸಮೇತ ಬಿಚ್ಚಿ ಅವನ ಕೈಗೆ ಕೊಟ್ಟುಬಿಟ್ಟೆ.

ಯೂಸ್ಸಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಿವಿ ಕೆಂಪಾದವು. ಕೂಡಲೇ ಬೆಲ್ಟು ಬಿಚ್ಚಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡ. ಆ ಎತ್ತರಕ್ಕೆ ಆ ತೂಕ ಸರಿಹೋಗಿತ್ತು ಎಂದು ಒಪ್ಪಲೇಬೇಕು. ಏನೋ ಕೇಳಿದ.

"ಇದನ್ನ ನಿನ್ನ ಸಲುವಾಗಿ ಎಲ್ಲಿ ಮಾಡಿಸಿದಿ ಅಂತ ಕೇಳಾಕತ್ತಾನ," ಎಂದ ದಾದಾಪೀರ.

"ಲಕ್ಷ್ಮೇಶ್ವರದಾಗ. ನನ್ನ ಸಲುವಾಗಿ ಅಲ್ಲ, ನಿನ್ನ ಸಲುವಾಗಿ ಮಾಡಿಸಿದ್ದೆ."

ದಾದಾಪೀರ ಬಾಯಿ ತೆರೆದ. ಅನುವಾದ ಹೊರಗೆ ಬರಲಿಲ್ಲ.

"ನನಗ?"

"ಹೂಂ."

"ನನಗಂತ ಮಾಡಿಸಿದ್ದನ್ನ ಅವಗ ಯಾಕ ಕೊಟ್ಟಿ?"

"ನಿನ್ನ ಸೊಂಟದಾಗ ಜಾಗಾ ಎಲ್ಲಿತ್ತು?"

ಯೂಸ್ಸಿ ಉತ್ತರಕ್ಕಾಗಿ ಇಬ್ಬರ ಮುಖವನ್ನೂ ನೋಡುತ್ತಿದ್ದ. ದಾದಾಪೀರ ಅವನಿಗೆ ಒಂದೇ ಶಬ್ದದಲ್ಲಿ ಏನೋ ಹೇಳಿ ಕಾರು ಹತ್ತಿದ. ಹಿಂದಿನ ಸೀಟಿನಲ್ಲಿ ಕೂತಿದ್ದ ಅವನು ದಾರಿಯುದ್ದಕ್ಕೂ ಮುಂದೆ ಕಾರು ನಡೆಸುತ್ತಿದ್ದವನ ಸೊಂಟವನ್ನೇ ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಗುರುತಿತ್ತು. ಹಿಮಸಾರಂಗಗಳು ಅಡ್ಡ ಬಂದಾಗ, ಸುಮ್ಮನಿರುವ ಆ ದೇಶದಲ್ಲಿ, ದಾದಾಪೀರ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನ್ನು ಅಚ್ಚ ಮುಂಡರಗಿಯ ಬೈಗುಳಗಳಲ್ಲಿ ಬೈದ.

ನಿಲ್ದಾಣದಲ್ಲಿ ಯೂಸ್ಸಿ ನನ್ನ ಚೀಲ ಇಳಿಸಿ, ಕೈ ಕುಲುಕಿ, ಕಾರಿನ ಬಳಿಯೇ ನಿಂತ. ದಾದಾಪೀರ ಒಳಗಿನ ಸಾಲಿನವರೆಗೂ ಬಂದ. ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡ. ಬಿಟ್ಟ ಮೇಲೆ ಒಮ್ಮೆ ಹಿಂದೆ ತಿರುಗಿ ನೋಡಿ, ಯೂಸ್ಸಿಗೆ ಕನ್ನಡ ಬರುವುದು ಎರಡೇ ಮಾತು ಎಂಬುದನ್ನು ಮರೆತವನ ಹಾಗೆ ದನಿ ತಗ್ಗಿಸಿದ.

"ಲೇ ಶರಣ್ಯಾ, ಊರಿಗೆ ಹ್ವಾದ ಕೂಡಲೇ ನನಗೊಂದು ಮಾಡಸು. ಅವಂದಕ್ಕಿಂತ ಎರಡ ಬಟ್ಟ ಉದ್ದ ಇರಲಿ."

"ತೆಳ್ಳಗ ಮಾಡಸ್ಲ್ಯಾ?" ಎಂದು ಕೇಳಿದೆ.

"ತೆಳ್ಳಗ್ಯಾಕ? ಅವಂದಕ್ಕಿಂತ ದಪ್ಪ ಇರಬೇಕು."

ಆಯಿತು ಎಂದೆ. ವಿಮಾನದಲ್ಲಿ ಕೂತು ಬೆಲ್ಟು ಕಟ್ಟಿಕೊಂಡದ್ದಷ್ಟೇ ನೆನಪು. ಯೂಸ್ಸಿಯ ಹೆಸರು ಕಿವಿಗೆ ಬಿದ್ದ ಈ ಎರಡು ವರ್ಷಗಳಲ್ಲಿ ಅಂಥ ಸುಖದ ನಿದ್ದೆ ನಾನು ಮಾಡಿರಲಿಲ್ಲ.